ಪ್ಲೈವುಡ್ ಮುಂದಿನ ಐದು ಮೆಟ್ಟಿಲು

ಅಬುಧಾಬಿಯಲ್ಲಿ ನಾವು ಮೂರು ವರ್ಷ ಗೆಸ್ಟ್ ಆಗಿದ್ದೆವು. ತಿಂಗಳು ತಪ್ಪದೆ ಬಾಡಿಗೆ ಕೊಡುವ ಗೆಸ್ಟು. ಸ್ವಂತ ಪಾತ್ರೆ, ಸ್ವಂತ ಹಾಸಿಗೆ, ಸ್ವಂತ ಮಗಳ ಜೊತೆಗಿದ್ದ ಗೆಸ್ಟು. ಇಂಥವರು ಪ್ರಪಂಚದಲ್ಲಿ ಬೇರೆ ಎಲ್ಲಾದರೂ ಇದ್ದರೋ ಇಲ್ಲವೋ ಗೊತ್ತಿಲ್ಲ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಗಳಲ್ಲಿ ಮಾತ್ರ ಬಿಲ್ಡಿಂಗಿಗೆ ನಾಲ್ಕಾರು ಸಂಸಾರಗಳಾದರೂ ಇದ್ದವು. ಈಗಲೂ ಯಾರಾದರೂ ಮದುವೆ ಮನೆಯಲ್ಲಿ ‘ಗೆಸ್ಟ್ ಬಂದ್ರು, ಗೆಸ್ಟ್ ಬಂದ್ರು’ ಎಂದು ಸಡಗರ ಪಟ್ಟರೆ ನನಗೆ ಒಳಗೊಳಗೇ ಮೈ ಉರಿಯುತ್ತದೆ.

ಅದರ ಕಥೆ ಹೀಗೆ. ಅದು ಒಂದು ಬೆಡ್‌ರೂಮು, ಒಂದು ಹಾಲಿನ ಫ್ಲ್ಯಾಟು. ಬಾಡಿಗೆ ಕರಾರು ಇದ್ದದ್ದು ಉಡುಪಿ ಕಡೆಯ ಒಬ್ಬರ ಹೆಸರಿನಲ್ಲಿ. ಅವರ ಹೆಂಡತಿ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೆಡ್‌ರೂಮು ಅಕ್ಕನ ಸಂಸಾರಕ್ಕೆ. ಹಾಲಿನ ಮಧ್ಯೆ ಒಂದು ಪ್ಲೈವುಡ್ ಗೋಡೆ ನಿಲ್ಲಿಸಿ, ಕಿಟಕಿಯ ಕಡೆಯ ಅರ್ಧವನ್ನು ನಮಗೆ ಕೊಟ್ಟಿದ್ದರು. ಅಡುಗೆಮನೆ, ಬಚ್ಚಲು ಇಬ್ಬರಿಗೂ ಸೇರಿ. ಹೀಗೆ ಒಳಬಾಡಿಗೆಗೆ ಕೊಡುವುದಕ್ಕೆ ಕರಾರಿನಲ್ಲಿ ಅವಕಾಶವಿರಲಿಲ್ಲ. ಬಿಲ್ಡಿಂಗಿನ ಆಫೀಸಿನವರಿಗೆ ಗೊತ್ತಾದರೆ ಮಾತೇ ಇಲ್ಲ, ಸಾಮಾನು ಕಟ್ಟಬೇಕು. ಆದ್ದರಿಂದ ನಾವು ಅಲ್ಲಿ ವಾಸವಿದ್ದವರಲ್ಲ, ಊರಿಂದ ಬಂದು ಕೆಲವು ದಿನ ಇರುವ ಗೆಸ್ಟು. ಲಿಫ್ಟಿನಲ್ಲಿ ಯಾರು ಕೇಳಿದರೂ ಹಾಗೇ ಹೇಳಬೇಕೆಂದು ಮಗಳಿಗೆ ಕಲಿಸಿದ್ದೆವು. ಅವಳು ಬಂದಾಗ ನಾಲ್ಕು ವರ್ಷ. ತನ್ನ ಹೆಸರು ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಮೊದಲೇ ‘ವೀ ಆರ್ ಗೆಸ್ಟ್ಸ್’ ಎನ್ನುವುದನ್ನು ಗಿಣಿಯ ಹಾಗೆ ಕಲಿತುಬಿಟ್ಟಳು.

ಬೇರೆ ನಿಯಮಗಳೂ ಇದ್ದವು. ಬಾಗಿಲ ಹೊರಗೆ ನಮ್ಮ ಚಪ್ಪಲಿ ಇರಬಾರದು. ಬೆಲ್ಲು ಎರಡು ಸಲ ಬಿಟ್ಟು ಬಿಟ್ಟು ಹೊಡೆದರೆ ಮಾತ್ರ ನಾವು ಬಾಗಿಲು ತೆಗೆಯಬಹುದು, ಒಂದೇ ಸಲ ಹೊಡೆದರೆ ಅದು ಹೊರಗಿನವರು. ಒಗೆದ ಬಟ್ಟೆಯನ್ನು ಅಕ್ಕನ ಬಟ್ಟೆಯ ಜೊತೆ ಬೆರೆಸಿ ಒಣಗಿಸಬೇಕು. ಬಂದ ಹೊಸತರಲ್ಲಿ ನಾನು ಫೋನಿನಲ್ಲಿ ಗೆಳತಿಯೊಬ್ಬಳಿಗೆ ‘ಒಂದ್ಸಲ ನಮ್ಮನೆಗೆ ಬಾರೆ’ ಎಂದೆ. ಅಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡು, ನಾನು ಫೋನು ಇಟ್ಟ ಮೇಲೆ ಬಂದರು. “ನೋಡಿ, ಬೇಜಾರು ಮಾಡ್ಬೇಡಿ ಆಯ್ತಾ. ನಮ್ಮನೆ ಅಂತ ಹೇಳ್ಬೇಡಿ. ಬಾಯಿಗೆ ಅಭ್ಯಾಸ ಆದ್ರೆ ಹೊರಗೆ ಸಹ ಅದೇ ಬರ್ತದೆ” ಎಂದರು.

ಮೈಸೂರಿನವಳು ನಾನು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ‘ನಮ್ಮನೆಯವರು’ ಎನ್ನುತ್ತೇವೆ. ‘ನಮ್ಮನೆಯವರು’ ಅನ್ನಬಹುದಂತೆ, ‘ನಮ್ಮನೆ’ ಅನ್ನಬಾರದಂತೆ. ಇದನ್ನು ನಮ್ಮನೆಯವರಿಗೆ ಹೇಳಿದರೆ ಅವರು ನಕ್ಕು, “ಅಡ್ಜಸ್ಟ್ ಮಾಡ್ಕೋ” ಎಂದರು. ಅವರು ಒಂದು ಕಾಂಟ್ರ್ಯಾಕ್ಟರ್ ಆಫೀಸಿನಲ್ಲಿ ನಕ್ಷೆ ಬರೆಯುವವರು. ಹಗಲೆಲ್ಲ ಬೇರೆಯವರ ಮನೆಗೆ ಮೂರು ಬೆಡ್‌ರೂಮು, ನಾಲ್ಕು ಬಾತ್‌ರೂಮು ಬರೆದು, ಸಂಜೆ ಅರ್ಧ ಹಾಲಿಗೆ ಬರುತ್ತಿದ್ದರು. ಅವರ ಸಂಬಳಕ್ಕೆ ಆ ಊರಿನಲ್ಲಿ ಅದಕ್ಕಿಂತ ಹೆಚ್ಚಿನ ಜಾಗ ಸಿಗುತ್ತಿರಲಿಲ್ಲ. ಇದು ನಮ್ಮ ಮೂವರಿಗೂ ಗೊತ್ತಿತ್ತು, ಏಳು ವರ್ಷದ ಮಗಳಿಗೂ. ಆ ಅರ್ಧ ಹಾಲು ಕೈತಪ್ಪಿದರೆ ನಾನೂ ಅವಳೂ ಮೈಸೂರಿಗೆ, ಅವಳ ಅಪ್ಪ ಆರೇಳು ಗಂಡಸರು ಮಲಗುವ ಯಾವುದೋ ಕೋಣೆಯ ಒಂದು ಮಂಚಕ್ಕೆ. ಎಷ್ಟೋ ಸಂಸಾರಗಳು ಹಾಗೆ ಎರಡಾಗಿದ್ದನ್ನು ನಾವು ಕಣ್ಣಾರೆ ನೋಡಿದ್ದೆವು. ನಾನು ಈಗ ಹೇಳುವ ಹೊತ್ತಿಗೆ ನಾಲ್ಕನೇ ಮಹಡಿಯ ಒಂದು ಸಂಸಾರ ಹೋಗಿ ಇನ್ನೂ ತಿಂಗಳಾಗಿರಲಿಲ್ಲ.

ಅದು ಮೂರನೇ ವರ್ಷದ ಅಕ್ಟೋಬರು. ಮಗಳ ಇಂಗ್ಲಿಷ್ ಪುಸ್ತಕದಲ್ಲಿ ‘ಆಟಮ್’ ಎಂಬ ಪಾಠ ಬಂದಿತ್ತು. ಒಂದು ಪುಟದ ತುಂಬ ಚಿತ್ರ: ಕೆಂಪು ಹೆಂಚಿನ ಮನೆ, ಬಾಗಿಲಿಗೆ ಕೆಂಪು ಹಳದಿ ಎಲೆಗಳ ಹಾರ, ಮೆಟ್ಟಿಲ ಮೇಲೆ ಕುಂಬಳಕಾಯಿ. ಮಗಳು ಕಿಟಕಿಯಿಂದ ಹೊರಗೆ ನೋಡಿ, ಪಾರ್ಕಿಂಗಿನ ಆಚೆಯ ಖರ್ಜೂರದ ಮರ ನೋಡಿ, “ಮಮ್ಮಿ, ವೆನ್ ವಿಲ್ ಆಟಮ್ ಕಮ್ ಹಿಯರ್?” ಎಂದಳು.

“ಬಂದಾಯ್ತಲ್ಲ. ಏಸಿ ಆಫ್ ಮಾಡಿದೀವಿ, ನೋಡು” ಎಂದೆ.

ಅವಳು ನಂಬಲಿಲ್ಲ. ಅಲ್ಲಿ ಶರದೃತು ಎಂದರೆ ನಿಜವಾಗಿಯೂ ಅಷ್ಟೇ. ಅಕ್ಕ ಅಡುಗೆಮನೆಯ ಕಿಟಕಿ ತೆಗೆಯುತ್ತಿದ್ದರು, ಎದುರು ಮನೆಯವರ ಮೀನಿನ ವಾಸನೆ ಒಳಗೆ ಬರುತ್ತಿತ್ತು, ಮಧ್ಯಾಹ್ನ ನಾಲ್ಕು ಗಂಟೆಗೆ ರಸ್ತೆಯಲ್ಲಿ ತಲೆ ಸುತ್ತದೆ ನಡೆಯಬಹುದಿತ್ತು. ನನಗೆ ಮಾತ್ರ ಆ ತಿಂಗಳು ಬಂದರೆ ಕೈ ಕಡಿಯುತ್ತಿತ್ತು. ಮೈಸೂರಿನಲ್ಲಿ ಈಗ ಎಲ್ಲರ ಮನೆಯಲ್ಲೂ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿರುತ್ತಾರೆ, ಗೊಂಬೆಗಳ ಧೂಳು ಒರೆಸುತ್ತಿರುತ್ತಾರೆ. ನಾನು ಬರುವಾಗ ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳನ್ನು, ಆ ಮರದ ರಾಜ ರಾಣಿಯನ್ನು, ಮಗಳ ಸ್ವೆಟರಿನಲ್ಲಿ ಸುತ್ತಿ ತಂದಿದ್ದೆ. ಎರಡು ವರ್ಷವೂ ಸೂಟ್‌ಕೇಸಿನ ಮೇಲೆ ಒಂದು ಕರವಸ್ತ್ರ ಹಾಸಿ, ಅವರಿಬ್ಬರನ್ನು ಕೂರಿಸಿ, ಆರತಿ ಎತ್ತಿ, ಮತ್ತೆ ಒಳಗಿಟ್ಟಿದ್ದೆ. ಅದೂ ಒಂದು ದಸರೆಯೇ ಎಂದು ಮೂರನೇ ವರ್ಷ ನನಗೆ ರೇಗಿತು. ಈ ಸಲ ಐದು ಮೆಟ್ಟಿಲು ಕಟ್ಟುತ್ತೇನೆ ಎಂದು ಹಠ ಹಿಡಿದೆ.

ನಮ್ಮನೆಯವರು, “ಕಟ್ಟು. ಆದ್ರೆ ಈ ತಿಂಗಳು ನನ್ನ ಹತ್ರ ಏನೂ ಕೇಳ್ಬೇಡ” ಎಂದರು. ಮಗಳ ಸ್ಕೂಲು ಫೀಸಿನ ತಿಂಗಳು ಅದು. ನಾನು ಅವರನ್ನು ಕೇಳಲಿಲ್ಲ, ಅಕ್ಕನನ್ನು ಕೇಳಬೇಕಿತ್ತು.

ಅಕ್ಕ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿದರು. ಅವರ ಕಡೆ ಗೊಂಬೆ ಕೂರಿಸುವುದಿಲ್ಲ. “ಮೆಟ್ಟಿಲಾ? ಎಷ್ಟು ಎತ್ತರ ಬರ್ತದೆ?” ಎಂದರು. ನಾನು ಕೈಯಲ್ಲಿ ತೋರಿಸಿದೆ. “ಪ್ಲೈವುಡ್ ಮುಚ್ತದಾ?”

“ಹಿಂದೆ ಸೀರೆ ಇಳಿಬಿಟ್ರೆ ಪೂರ್ತಿ ಮುಚ್ಚತ್ತೆ ಅಕ್ಕ.”

ಅವರು ಮತ್ತೆ ಸೊಪ್ಪಿಗೆ ಕೈ ಹಾಕಿದರು. “ಹಾಗಾದ್ರೆ ಇಡಿ. ಪೈಪಿನವ್ನು, ಏಸಿಯವ್ನು ಯಾರಾದ್ರು ಬಂದ್ರೆ ದೇವರ ಅಲಂಕಾರ ಅಂತ ಹೇಳ್ಬಹುದು. ಪ್ಲೈವುಡ್ ಕಂಡು ನಂಗೂ ದಿನಾ ಹೆದ್ರಿಕೆ ಆಗ್ತದೆ. ಆದ್ರೆ ಬಾಗಿಲ ಹೊರಗೆ ಎಂತದೂ ಬೇಡ. ತೋರಣ ಬೇಡ, ರಂಗೋಲಿ ಬೇಡ, ಹೊರಗಿನವರು ಯಾರೂ ಬೇಡ.” ನನ್ನ ಮುಖ ನೋಡಿ ಏನನ್ನಿಸಿತೋ, ಎದ್ದು ತಮ್ಮ ರೂಮಿಗೆ ಕರೆದುಕೊಂಡು ಹೋಗಿ ಕಪಾಟಿನ ಬಾಗಿಲು ತೆಗೆದರು. ಒಳಬದಿಗೆ, ಸೀರೆಗಳ ಪಕ್ಕದಲ್ಲಿ, ಒಂದು ಹಿಡಿ ಭತ್ತದ ತೆನೆಯನ್ನು ದಾರದಲ್ಲಿ ಕಟ್ಟಿ ನೇತು ಹಾಕಿದ್ದರು. ಊರಿಂದ ಬರುವ ಯಾರೋ ವರ್ಷವರ್ಷ ತಂದುಕೊಡುತ್ತಾರಂತೆ. “ಇದನ್ನು ನಮ್ಮಲ್ಲಿ ಬಾಗಿಲಿಗೆ ಕಟ್ಟುದು. ಹನ್ನೆರಡು ವರ್ಷದಿಂದ ನಾನು ಇಲ್ಲಿ ಕಟ್ತೇನೆ” ಎಂದು ಹೇಳಿ ಕಪಾಟು ಮುಚ್ಚಿದರು.

ಆಗ ನನಗೆ ಅದು ಅರ್ಥವಾಗಬೇಕಿತ್ತು. ಆಗಲಿಲ್ಲ. ಪಾಪ ಎನ್ನಿಸಿತು, ಅಷ್ಟೆ. ಮನಸ್ಸೆಲ್ಲ ಮೆಟ್ಟಿಲಿನ ಮೇಲಿತ್ತು.

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ರಟ್ಟಿನ ಪೆಟ್ಟಿಗೆಗೆ ಬರವಿರಲಿಲ್ಲ. ಟೀವಿ, ವಿಸಿಆರ್ ಮಾರುವ ಅಂಗಡಿಗಳವರು ಸಂಜೆ ಖಾಲಿ ಪೆಟ್ಟಿಗೆಗಳನ್ನು ಹಿಂಬಾಗಿಲಿನ ಹತ್ತಿರ ರಾಶಿ ಹಾಕುತ್ತಿದ್ದರು. ನಮ್ಮನೆಯವರಿಗೆ ಅದನ್ನು ಎತ್ತಿಕೊಂಡು ಬರಲು ಮರ್ಯಾದೆ ಹೋಗುವ ಹಾಗಾಗಿ, ಆಫೀಸಿನವರು ಯಾರಾದರೂ ನೋಡಿಯಾರೆಂದು ಮುಖಕ್ಕೆ ಅಡ್ಡ ಹಿಡಿದುಕೊಂಡು ನಡೆದರು. ಐದು ಮೆಟ್ಟಿಲಿಗೆ ಹದಿನಾಲ್ಕು ಪೆಟ್ಟಿಗೆ ಬೇಕಾಯಿತು. ಬೀಳದಿರಲೆಂದು ಒಳಗೆ ಅಕ್ಕಿ ಚೀಲ, ಹಳೆಯ ಪುಸ್ತಕ, ಸಿಕ್ಕಿದ್ದೆಲ್ಲ ತುಂಬಿದೆ. ಮೇಲೆ ಅವರ ಮದುವೆಯ ರೇಷ್ಮೆ ಅಂಚಿನ ಪಂಚೆ ಹಾಸಿದೆ. ಹಿಂದೆ ನನ್ನ ಹಸಿರು ಸೀರೆ ಇಳಿಬಿಟ್ಟೆ. ಪ್ಲೈವುಡ್ ಕಾಣದಂತಾದಾಗ ಆ ಹಾಲು ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಅಕ್ಕನೇ ಬಂದು ಈ ಮೂಲೆಯಿಂದ ಆ ಮೂಲೆಗೆ ನಡೆದು ನೋಡಿದರು.

ಗೊಂಬೆಗಳಿಗೆ ಏನು ಮಾಡುವುದು? ಇದ್ದದ್ದು ಎರಡೇ. ಖಾಲಿ ಪೌಡರ್ ಡಬ್ಬಿಗಳಿಗೆ ರವಿಕೆ ಬಟ್ಟೆಯ ಚೂರು ಸುತ್ತಿ, ಪಿಂಗ್‌ಪಾಂಗ್ ಚೆಂಡಿಗೆ ಕಾಡಿಗೆಯಲ್ಲಿ ಕಣ್ಣು ಮೂಗು ಬರೆದು ಮೇಲೆ ಅಂಟಿಸಿದೆ. ಅವರು ಸೈನಿಕರು. ಶಾಂಪೂ ಬಾಟಲಿಗಳು ನರ್ತಕಿಯರಾದವು. ಮಗಳ ಬೊಂಬೆಗೆ ಮೋಟು ಕೂದಲು, ಹಾಗಾಗಿ ಅದಕ್ಕೆ ಸೆರಗು ಹೊದಿಸಿ ಶೆಟ್ಟಿಯ ಹೆಂಡತಿಯಾಗಿ ಅಂಗಡಿಯ ಮುಂದೆ ಕೂರಿಸಿದೆ, ಅಂಗಡಿಯಲ್ಲಿ ನಿಜವಾದ ಬೇಳೆ, ಅಕ್ಕಿ, ಮೆಣಸು. ಹತ್ತಿಯ ಮೇಲೆ ಮೆಂತ್ಯ ಮೊಳಕೆ ಬರಿಸಿ ಪಾರ್ಕು ಮಾಡಿದೆ. ಪಾರ್ಕಿನ ದಾರಿಗೆ ಮರಳು, ಆ ದೇಶದಲ್ಲಿ ಪುಕ್ಕಟೆ ಸಿಗುವ ವಸ್ತು ಅದೊಂದೇ. ಜಂಬೂ ಸವಾರಿ ಇಲ್ಲದೆ ಮೈಸೂರಿನವರ ಗೊಂಬೆ ಮುಗಿಯುವುದಿಲ್ಲ. ಅಗ್ಗದ ಅಂಗಡಿಗಳಲ್ಲೆಲ್ಲ ಆನೆ ಹುಡುಕಿದರೆ, ಆನೆಯಿಲ್ಲ. ಬರೀ ಒಂಟೆ. ಕೊನೆಗೆ ಒಂಟೆಯ ಬೆನ್ನಿಗೇ ಬೆಂಕಿಪೆಟ್ಟಿಗೆಯ ಅಂಬಾರಿ ಕಟ್ಟಿ, ಚಾಕಲೇಟಿನ ಚಿನ್ನದ ಕಾಗದ ಸುತ್ತಿದೆ. ಡುಬ್ಬದ ಮೇಲೆ ಅಂಬಾರಿ ನಿಲ್ಲಲೊಲ್ಲದು, ಒಂದೇ ಕಡೆಗೆ ವಾಲುತ್ತಿತ್ತು. ನಮ್ಮನೆಯವರು ನಕ್ಷೆ ಬರೆಯುವ ಪೆನ್ಸಿಲು ಮುರಿದು ಆನಿಸಿ ನಿಲ್ಲಿಸಿದರು. ಅವತ್ತು ಅವರು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ಹೆಚ್ಚು ನೋಡಿಲ್ಲ.

ಪಾಡ್ಯದ ದಿನ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯನ್ನು ಕೂರಿಸುವಾಗ ಮಗಳೂ ನಾನೂ ಯಾವುದೋ ರಿಬ್ಬನ್ನಿಗೆ ಜಗಳ ಆಡಿದೆವು. ಅದನ್ನು ಅವಳು ತೆಗೆದಿಟ್ಟುಕೊಂಡು, ತೆಗೆದಿಲ್ಲ ಎಂದಳು. ನನ್ನ ಅಮ್ಮ ನಮಗೆ ಹೇಳುತ್ತಿದ್ದುದೇ ನನ್ನ ಬಾಯಿಗೂ ಬಂತು. “ಗೊಂಬೆ ಮುಂದೆ ಜಗಳ ಆಡ್ಬಾರ್ದು, ಸುಳ್ಳು ಹೇಳ್ಬಾರ್ದು.”

“ಕ್ಯಾನ್ ದೇ ಹಿಯರ್?”

“ಹ್ಞೂಂ, ಕೇಳಿಸತ್ತೆ. ಒಂಬತ್ತು ದಿನ ಅವಕ್ಕೆ ಜೀವ ಇರತ್ತೆ.”

ಅವಳು ರಿಬ್ಬನ್ನು ತಂದುಕೊಟ್ಟಳು. ನನಗೆ ಆ ಮಾತು ಆ ಕ್ಷಣಕ್ಕೇ ಮರೆತುಹೋಯಿತು. ಅವಳಿಗೆ ಮರೆಯಲಿಲ್ಲ.

ಗೊಂಬೆ ಕೂರಿಸುವುದು ನೋಡುವವರಿಗಾಗಿ. ನಮ್ಮ ಬೀದಿಯಲ್ಲಿ ಸಂಜೆಯಾದರೆ ಮಕ್ಕಳ ಗುಂಪು ಮನೆಮನೆಯ ಮುಂದೆ ನಿಂತು, “ರೀ, ಗೊಂಬೆ ಕೂರ್ಸಿದೀರಾ?” ಎಂದು ಕೂಗುತ್ತಿತ್ತು. ಕೂರಿಸಿದ್ದರೆ ಒಳಗೆ ಹೋಗಿ, ನೋಡಿ, ಒಂದು ಹಾಡು ಹೇಳಿ, ಕೊಟ್ಟದ್ದನ್ನು ತಿಂದು ಮುಂದಿನ ಮನೆಗೆ. ಗುರುತು ಪರಿಚಯ ಏನೂ ಬೇಡ. ಆ ಪ್ರಶ್ನೆ ಕೇಳಿದರೆ ಸಾಕು, ಯಾರ ಮನೆಯೊಳಗೂ ಹೋಗಬಹುದು. ಇದನ್ನೆಲ್ಲ ನಾನು ಮಗಳಿಗೆ ಹೇಳಿದೆ. ಹೇಳಬಾರದಿತ್ತು. ದಿನಾ ಸಂಜೆ ಅವಳು ಹೊಸ ಲಂಗ ಹಾಕಿಕೊಂಡು ಮೆಟ್ಟಿಲ ಮುಂದೆ ಕೂತು ಬಾಗಿಲನ್ನೇ ನೋಡತೊಡಗಿದಳು. ನಮ್ಮ ಬಾಗಿಲಿಗೆ ಯಾರೂ ಬರುವಂತಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಕೂರುತ್ತಿದ್ದಳು. ನಾನು ಮಾಡಿದ ಉಸಲಿಯನ್ನು ಆರು ದಿನವೂ ನಾವೇ ತಿಂದೆವು.

ಏಳನೆಯ ದಿನ ಗುರುವಾರ ಬಂದಿತ್ತು. ಅಕ್ಕನೂ ಅವರ ಯಜಮಾನರೂ ಅಲ್ ಐನ್‌ನಲ್ಲಿ ನರ್ಸಾಗಿದ್ದ ತಂಗಿಯ ಮನೆಗೆ ಮಧ್ಯಾಹ್ನವೇ ಹೊರಟರು, ವಾಪಸು ಬರುವುದು ಶುಕ್ರವಾರ. ಬಾಗಿಲು ಹಾಕಿಕೊಂಡ ಮೇಲೆ ನಾನು ಮಗಳ ಮುಖ ನೋಡಿದೆ. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. “ಮೂರೇ ಜನ. ಅರ್ಧ ಗಂಟೆ. ಆಂಟಿಗೆ ಹೇಳೋ ಹಾಗಿಲ್ಲ” ಎಂದೆ. ಅವಳು ಹಾರಿ ನನ್ನ ಕುತ್ತಿಗೆಗೆ ಬಿದ್ದಳು. ನಮ್ಮದೇ ಮಹಡಿಯ ಇಬ್ಬರು ಮಲಯಾಳಿ ಅಕ್ಕತಂಗಿಯರು, ಮೂರನೇ ಮಹಡಿಯ ಒಬ್ಬಳು, ಅಷ್ಟೇ ಜನ ಅವಳ ಸ್ನೇಹಿತೆಯರು. ಕರೆದು ಬಂದಳು.

ನಾನು ಕಡಲೆಕಾಳು ಬೇಯಿಸುವಾಗ ಅವಳು ಅರಿಶಿನ ಕುಂಕುಮದ ಬಟ್ಟಲು ಕೇಳಿದಳು. ಪೂಜೆ ಆಟ ಎಂದುಕೊಂಡು ಕೊಟ್ಟೆ. ಪುಸ್ತಕಕ್ಕೆ ಹಾಕುವ ಕಂದು ಕಾಗದದ ಚೂರುಗಳನ್ನು ಎಲೆಯಂತೆ ಕತ್ತರಿಸಿಕೊಂಡು, ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ನೀರಲ್ಲಿ ಕಲಸಿ ಬಳಿದು, ಗಾಳಿಗೆ ಒಣಗಿಸುತ್ತಿದ್ದಳು. ಅವಳ ಪಾಠದ ಮನೆಯಲ್ಲಿದ್ದ ಬಣ್ಣಗಳೇ. ಚೆನ್ನಾಗಿದೆ ಎಂದೆ. ಎಲ್ಲಿ ಅಂಟಿಸುತ್ತಾಳೆಂದು ಕೇಳಲಿಲ್ಲ.

ಕಸದ ಚೀಲ ಹಾಕಲು ಹೊರಗೆ ಬಂದಾಗ ನೋಡಿದೆ. ಲಿಫ್ಟಿನ ಪಕ್ಕದ ಗೋಡೆಯಿಂದ ಶುರುವಾಗಿ, ಒಂದರ ಹಿಂದೆ ಒಂದು, ಕಾರಿಡಾರಿನ ಉದ್ದಕ್ಕೂ, ತಿರುವಿನಲ್ಲಿ ತಿರುಗಿ, ನೇರ ನಮ್ಮ ಬಾಗಿಲ ತನಕ ಎಲೆಗಳು. ಒಂದೊಂದರ ಮೇಲೂ ಒಂದು ಬಾಣದ ಗುರುತು, ಅದರ ಕೆಳಗೆ ಅವಳ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ‘ಅವರ್ ಹೋಮ್’. ಬಾಗಿಲ ಮೇಲಿನ ಕೊನೆಯ ಎಲೆಯಲ್ಲಿ ಕನ್ನಡದಲ್ಲಿ ‘ನಮನೆ’ ಎಂದಿತ್ತು, ಒತ್ತಕ್ಷರ ಅವಳಿಗೆ ಇನ್ನೂ ಬರುತ್ತಿರಲಿಲ್ಲ.

ಕೀಳಬೇಕು ಎಂದು ಕೈ ಹಾಕಿದೆ. ಆ ಕೈ ಕಿತ್ತಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. ಮೂರು ವರ್ಷ ನಾನು ಬಾಯಲ್ಲಿ ಹೇಳಲಾಗದ ಮಾತು ಗೋಡೆಯ ಮೇಲೆ ಹದಿನೈದು ಸಲ ಬರೆದಿತ್ತು. ಅರ್ಧ ಗಂಟೆ ತಾನೆ, ಮಕ್ಕಳು ಹೋದ ಮೇಲೆ ತೆಗೆದರಾಯಿತು ಎಂದುಕೊಂಡೆ. ಅಷ್ಟೇ ಆಗಿದ್ದರೂ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೋ ಏನೋ. ತಿರುವಿನಲ್ಲಿ ಒಂದು ಎಲೆ ಕಳಚಿ ಬೀಳುವಂತಿತ್ತು, ಅದನ್ನು ನಾನೇ ಹೆಬ್ಬೆರಳಿಂದ ಒತ್ತಿ ಮತ್ತೆ ಅಂಟಿಸಿದೆ.

ಮಕ್ಕಳು ಬಂದರು. ಹೇಳಿಕೊಟ್ಟ ಹಾಗೆ ಮೂವರೂ ಬಾಗಿಲಲ್ಲಿ ನಿಂತು, ತಮ್ಮ ಕನ್ನಡ ಬಾರದ ನಾಲಿಗೆಯಲ್ಲಿ, “ರೀ, ಗೋಂಬೆ ಕೂಸಿದೀರಾ?” ಎಂದರು. ಮಗಳು ಅದೆಷ್ಟು ಗತ್ತಿನಿಂದ “ಕೂರ್ಸಿದೀವಿ, ಬನ್ನಿ” ಎಂದಳೋ. ಅವಳು ನನಗೆ ಕನ್ನಡದಲ್ಲಿ ಉತ್ತರ ಕೊಟ್ಟು ಎಷ್ಟು ತಿಂಗಳಾಗಿತ್ತು. ಒಂಟೆಯ ಮೇಲಿನ ಅಂಬಾರಿ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರಿಗೆ ಉಸಲಿ ಹಾಕಿಕೊಡುತ್ತಿದ್ದೆ, ಬೆಲ್ಲಾಯಿತು. ಒಂದೇ ಸಲ. ನಾನು ಕೈ ಒರೆಸಿಕೊಳ್ಳುವುದರೊಳಗೆ ಮಗಳು, ಇನ್ನೂ ಯಾರೋ ಗೊಂಬೆ ನೋಡಲು ಬಂದರೆಂದು, ಓಡಿ ಬಾಗಿಲು ತೆಗೆದುಬಿಟ್ಟಳು.

ಬಿಲ್ಡಿಂಗ್ ಆಫೀಸಿನವನು. ಅವನ ಹಿಂದೆ ವಾಚ್‌ಮನ್, ತಲೆ ತಗ್ಗಿಸಿಕೊಂಡು. ಮೇಲಿನ ಮಹಡಿಯಿಂದ ನೀರು ಸೋರುತ್ತಿದೆ ಎಂದು ನೋಡಲು ಬಂದವರು, ಎಲೆಗಳ ದಾರಿ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರು. ಆಫೀಸಿನವನ ಕೈಯಲ್ಲಿ ಒಂದು ಕುಂಕುಮದ ಎಲೆ ಇತ್ತು, ಬೆರಳು ಕೆಂಪಾಗಿತ್ತು. ಒರಟನಲ್ಲ, ನಮ್ಮ ದೇಶದವನೇ, ಹಿಂದಿಯವನು. ಗೊಂಬೆಗಳನ್ನು ಕಂಡು ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದ. ಬಹಳ ಚೆನ್ನಾಗಿದೆ ಎಂದ. ನಾನು ಒಂದು ತಟ್ಟೆ ಉಸಲಿ ಕೊಟ್ಟೆ. ನಿಂತುಕೊಂಡೇ ಎರಡು ಚಮಚ ತಿಂದ. ಆಮೇಲೆ ಬಗ್ಗಿ, ಮಗಳಿಗೆ ಎಲೆ ತೋರಿಸಿ, ಇದು ಯಾರ ಮನೆ ಪುಟ್ಟಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

ನಾನು “ನಾವು ಗೆಸ್ಟ್” ಎಂದು ಶುರುಮಾಡಿದೆ. ಅವನು ನನ್ನ ಕಡೆ ತಿರುಗಲಿಲ್ಲ, ಮಗುವನ್ನೇ ನೋಡುತ್ತಿದ್ದ. ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣಿನಲ್ಲೇ ಹೇಳಿದೆ, ಹೇಳೇ, ದಿನಾ ಹೇಳುವ ಹಾಗೆ ಹೇಳೇ. ಅವಳು ತಲೆ ಎತ್ತಿ ಮೇಲಿನ ಮೆಟ್ಟಿಲ ರಾಜ ರಾಣಿಯನ್ನು ನೋಡಿದಳು. “ಮಮ್ಮಿ, ದೇ ಕ್ಯಾನ್ ಹಿಯರ್” ಎಂದು ನನಗೆ ಮೆಲ್ಲಗೆ ಹೇಳಿ, ಅವನಿಗೆ ಜೋರಾಗಿ, “ದಿಸ್ ಈಸ್ ಅವರ್ ಹೋಮ್” ಎಂದಳು. ಮೆಟ್ಟಿಲ ಹಿಂದೆ ನಮ್ಮ ಮಂಚ ಇದೆ, ಆ ರೂಮು ಆಂಟಿದು ಎಂದೂ ಹೇಳಿದಳು.

ಅವನು ಉಸಲಿ ತಟ್ಟೆಯನ್ನು ಕೆಳಗಿಟ್ಟ. ಸೀರೆಯನ್ನು ಒಂದು ಬೆರಳಿಂದ ಸರಿಸಿ ನೋಡಿದ, ಮತ್ತೆ ಮೊದಲಿದ್ದ ಹಾಗೆ ಇಳಿಬಿಟ್ಟ. ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಂಡು, ಹಬ್ಬದ ಶುಭಾಶಯ ಹೇಳಿ ಹೋದ. ವಾಚ್‌ಮನ್ ಮಾತ್ರ ಬಾಗಿಲಲ್ಲಿ ಹಿಂದೆ ತಿರುಗಿ, “ಭಾಭೀ, ಯೇ ಕ್ಯಾ ಕಿಯಾ” ಎಂದ.

ಮಕ್ಕಳನ್ನು ಕಳಿಸಿದೆ. ಬಾಗಿಲು ಹಾಕಿದೆ. ಮಗಳ ಕೆನ್ನೆಗೆ ಹೊಡೆದೆ, ಗೊಂಬೆಗಳ ಮುಂದೆಯೇ. ಅವಳು ಅಳಲಿಲ್ಲ. ಹೊರಗೆ ಹೋಗಿ ಹದಿನಾಲ್ಕು ಎಲೆಗಳನ್ನೂ ಒಂದೊಂದಾಗಿ ತಾನೇ ಕಿತ್ತು ತಂದಳು. ಹದಿನೈದನೆಯದು ಆಫೀಸಿನವನ ಬಳಿ ಹೋಗಿತ್ತು.

ಅಕ್ಕ ಮಾರನೆಯ ದಿನ ಬಂದರು. ಅಷ್ಟರಲ್ಲಿ ಆಫೀಸಿನಿಂದ ಅವರ ಯಜಮಾನರಿಗೆ ಫೋನು ಹೋಗಿತ್ತು. ಕೂಗಾಡುತ್ತಾರೆ ಎಂದು ಕಾದಿದ್ದೆ. ಕೂಗಾಡಿದ್ದರೆ ನಾನೂ ಎರಡು ಮಾತಾಡಬಹುದಿತ್ತು. ಅವರು ಕುರ್ಚಿಯ ಮೇಲೆ ಕೂತು, ಗುಡ್ಡೆ ಹಾಕಿದ್ದ ಎಲೆಗಳಲ್ಲಿ ಒಂದನ್ನು ಎತ್ತಿಕೊಂಡು ಓದಿದರು.

“ಮಗು ಬರೆದದ್ದು, ಸರಿ. ನೀವು ನೋಡಿರ್ಲಿಲ್ವಾ?”

“ನೋಡಿದ್ದೆ ಅಕ್ಕ.”

“ನೋಡಿ ಬಿಟ್ರಿ.” ಅವರು ಎಲೆಯನ್ನು ಮಡಿಚಿದರು, ಮತ್ತೆ ಬಿಚ್ಚಿದರು. “ನಂಗೆ ಬಾಗಿಲಿಗೆ ಕಟ್ಲಿಕ್ಕೆ ಆಸೆ ಇರ್ಲಿಲ್ಲ ಅಂತ ಗ್ರಹಿಸಿದ್ರಾ ನೀವು? ಹನ್ನೆರಡು ವರ್ಷ ಕಪಾಟಿನೊಳಗೆ ಕಟ್ಟಿದ್ದು ನಾನು ಹುಚ್ಚಿ ಅಂತಲಾ?”

ಅವರು ಕೇಳಿದ್ದು ನ್ಯಾಯವೇ. ಆದರೆ ನನ್ನ ಕೋಪ ಇಳಿಯಲಿಲ್ಲ, ಅದನ್ನೂ ಹೇಳಬೇಕು. ಅವರ ಯಜಮಾನರು ಆಫೀಸಿಗೆ ಹೋಗಿ ಕೈಕಾಲು ಹಿಡಿದು ಫ್ಲ್ಯಾಟು ಉಳಿಸಿಕೊಂಡರು. ಪ್ಲೈವುಡ್ ತೆಗೆಸುತ್ತೇವೆ, ಅವರು ತಿಂಗಳ ಕೊನೆಗೆ ಹೋಗುತ್ತಾರೆ ಎಂದು ಬರೆದುಕೊಟ್ಟರು. ಆ ಕಾಗದದಲ್ಲಿ ನಾವು ಏನಾಗಿದ್ದೆವು ಗೊತ್ತೆ? ‘ಗೆಸ್ಟ್ಸ್’. ಅಲ್ಲಿಗೂ ನಮ್ಮನ್ನು ಬಿಡಲಿಲ್ಲ ಆ ಮಾತು.

ನಮ್ಮನೆಯವರು ಹದಿನೈದು ದಿನ ಅಲೆದರು. ಅವರ ಸಂಬಳ ಕೇಳಿದವರು ತಲೆ ಆಡಿಸಿದರು. ಒಂದು ಸಂಜೆ ಬಂದು ಶೂಸು ಬಿಚ್ಚದೆ ಕೂತು, “ಸದ್ಯಕ್ಕೆ ನೀವಿಬ್ರೂ ಊರಿಗೆ ಹೋಗಿ. ಒಂದಾರು ತಿಂಗ್ಳು ಅಡ್ಜಸ್ಟ್ ಮಾಡ್ಕೊಳೋಣ” ಎಂದರು. ಇಷ್ಟು ವರ್ಷ ಆ ಪದವನ್ನು ನುಂಗಿಕೊಂಡವಳು ಅವತ್ತು ಅವರ ಮೇಲೆ ಬಾಯಿಗೆ ಬಂದ ಹಾಗೆ ಕೂಗಿದೆ. ಅವರು ಬಗ್ಗಿ ಶೂಸಿನ ಲೇಸು ಬಿಚ್ಚತೊಡಗಿದರು. ಹಾಸಿಗೆಯ ಮೇಲಿದ್ದ ಮಗಳು, “ಇಸ್ ಇಟ್ ಬಿಕಾಸ್ ಆಫ್ ಮೈ ಲೀವ್ಸ್?” ಎಂದು ಅಪ್ಪನನ್ನು ಕೇಳಿದಳು. ಅಲ್ಲ ಎಂದರು. ಗೊಂಬೆಗಳನ್ನು ಅಷ್ಟರಲ್ಲಿ ಎತ್ತಿಟ್ಟಾಗಿತ್ತು, ಅವರು ಸುಳ್ಳು ಹೇಳಬಹುದಿತ್ತು.

ಮೆಟ್ಟಿಲುಗಳು ಮತ್ತೆ ರಟ್ಟಿನ ಪೆಟ್ಟಿಗೆಗಳಾದವು. ಅದರಲ್ಲೇ ನಮ್ಮ ಪಾತ್ರೆ, ಬಟ್ಟೆ, ಪುಸ್ತಕ ತುಂಬಿ ಕಾರ್ಗೋಗೆ ಹಾಕಿದೆವು. ಹೊರಡುವ ದಿನ ಅಕ್ಕ ರೂಮಿನಿಂದ ಹೊರಗೆ ಬರಲಿಲ್ಲ. ಬಾಗಿಲು ತಟ್ಟಿ “ಬರ್ತೀವಿ ಅಕ್ಕ” ಎಂದೆ. ಒಳಗೆ ಕಪಾಟಿನ ಬಾಗಿಲು ಮುಚ್ಚಿದ ಸದ್ದಾಯಿತು, ಅಷ್ಟೆ.

ಆರು ತಿಂಗಳು ಎಂದದ್ದು ಒಂಬತ್ತು ವರ್ಷವಾಯಿತು. ಮೈಸೂರಿನಲ್ಲಿ ಒಂದು ವಠಾರದಲ್ಲಿ ಎರಡು ಕೋಣೆ ಹಿಡಿದೆ. ಬಾಗಿಲಿಗೆ ಬೇಕಾದಷ್ಟು ತೋರಣ ಕಟ್ಟಬಹುದಿತ್ತು, ಹೊರಗೆ ಬೇಕಾದಷ್ಟು ಚಪ್ಪಲಿ ಬಿಡಬಹುದಿತ್ತು. ಬಿಡಲು ಇದ್ದದ್ದು ಎರಡು ಜೊತೆ.

ಮುಂದಿನ ವರ್ಷ ನಮ್ಮನೆಯವರಿಗೆ ಮೊದಲ ರಜೆ ಸಿಕ್ಕಿದ್ದು ದಸರೆಗೇ. ಬಡವಾಗಿದ್ದರು. ಆ ಕೋಣೆಯಲ್ಲಿ ಎಂಟು ಜನರಂತೆ. ಗೊಂಬೆಗಳ ಪಕ್ಕದ ಕುರ್ಚಿಯಲ್ಲಿ, ಯಾವುದನ್ನು ಎಲ್ಲಿಡಬೇಕೆಂದು ಗೊತ್ತಿಲ್ಲದವರ ಹಾಗೆ ಕೈ ಕಟ್ಟಿಕೊಂಡು ಕೂರುತ್ತಿದ್ದರು. ಒಂಟೆಯನ್ನು ನಾನು ತಂದಿದ್ದೆ, ಅದೂ ಅಂಬಾರಿಯ ಸಮೇತ ಮೂರನೆಯ ಮೆಟ್ಟಿಲಲ್ಲಿತ್ತು. ಪೆನ್ಸಿಲ್ ಚೂರು ಸಡಿಲವಾಗಿತ್ತು. ಅವರು ಎರಡು ಮೂರು ಸಲ ಅದನ್ನು ಸರಿಮಾಡಿದರು.

ಏಳನೆಯ ದಿನದ ಸಂಜೆ ವಠಾರದ ಮಕ್ಕಳು ಬಂದರು. “ರೀ, ಗೊಂಬೆ ಕೂರ್ಸಿದೀರಾ?” ಮಗಳು ಹೋಗಿ ಕರೆದುಕೊಂಡು ಬಂದಳು. ಈಗ ಅವಳು ಕನ್ನಡವನ್ನೇ ಮಾತಾಡುತ್ತಿದ್ದಳು. ನಾನು ಮೊದಲ ತಟ್ಟೆ ಉಸಲಿಯನ್ನು ನಮ್ಮನೆಯವರ ಕೈಗೆ ಕೊಟ್ಟೆ. ಬಂದವರಲ್ಲಿ ಒಂದು ಚಿಕ್ಕ ಹುಡುಗಿ ಗೊಂಬೆ ನೋಡುವುದು ಬಿಟ್ಟು ಅವರನ್ನೇ ನೋಡುತ್ತಿತ್ತು. ಆಮೇಲೆ ಮಗಳ ಲಂಗ ಎಳೆದು, “ಅದ್ಯಾರೇ?” ಎಂದಿತು.

ಮಗಳು ಅಪ್ಪನ ಕಡೆ ನೋಡಲಿಲ್ಲ. ಮೇಲಿನ ಮೆಟ್ಟಿಲಲ್ಲಿದ್ದ ರಾಜ ರಾಣಿಯ ಕಡೆ ನೋಡಿದಳು.

“ಗೆಸ್ಟ್” ಎಂದಳು. “ಮುಂದಿನ ಶುಕ್ರವಾರ ಹೊರಟ್ಹೋಗ್ತಾರೆ.”

ಅವರು ಚಮಚವನ್ನು ತಟ್ಟೆಯಲ್ಲಿ ಇಟ್ಟರು. ನಾನು ಅವಳನ್ನು ಬೈಯಲಿಲ್ಲ. ಬೈಯುವುದಕ್ಕೆ ಅವಳು ಸುಳ್ಳೇನೂ ಹೇಳಿರಲಿಲ್ಲ.